ನೋಡಿಕೊಳ್ಳುವವರನ್ನು ನೋಡಿಕೊಳ್ಳುವವರು ಯಾರು?

ಅರವತ್ತಕ್ಕೆ ಅರಳು ಮರಳು ಎಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ಈಗಷ್ಟೇ ಉಂಡ ಹಿರಿಯರು ಊಟವನ್ನೇ ಕೊಟ್ಟಿಲ್ಲ ಎಂದಾಗ, ಹೆತ್ತ ಮಗಳನ್ನೇ ನೀನು ಯಾರು ಎಂದಾಗ, ಈ ಗಾದೆಯನ್ನು ಹೇಳಿ ಸುಮ್ಮನಾಗುತ್ತೇವೆ. ಆದರೆ ಇದು ಮುಪ್ಪಿನ ಸಹಜ ಲಕ್ಷಣವಲ್ಲ; ಮಿದುಳಿನ ಕಾಯಿಲೆ. ವೈದ್ಯರು ಇದನ್ನು ಡಿಮೆನ್ಷಿಯಾ ಎನ್ನುತ್ತಾರೆ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ, ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆ ಇದೆ. ಇದರ ಪ್ರಮಾಣ ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಹೆಚ್ಚು.

ಕಾಯಿಲೆಯನ್ನು ಕಾಯಿಲೆಯೆಂದು ಒಪ್ಪದಿದ್ದರೆ, ಅದರ ಆರೈಕೆಯನ್ನು ಕೆಲಸವೆಂದೂ ಯಾರೂ ಒಪ್ಪುವುದಿಲ್ಲ. ತೊಗರಿ ರಾಶಿಯ ದಿನಗಳಲ್ಲಿ ಕಮಲಾಪುರದ ಕಡೆಯ ಹಳ್ಳಿಗಳಲ್ಲಿ ಎಲ್ಲರಿಗೂ ಹೊಲದಲ್ಲಿ ಕೆಲಸ. ಮಾವನನ್ನು ಒಂಟಿಯಾಗಿ ಬಿಡಲಾಗದ ಸೊಸೆ ಮನೆಯಲ್ಲೇ ಉಳಿದರೆ ಅವಳ ಕೂಲಿ ಹೋಯಿತು. ಕಲಬುರಗಿ ನಗರದಲ್ಲಿ ಶರಣಬಸವೇಶ್ವರ ಜಾತ್ರೆಯೋ ಬಂದೇನವಾಜರ ಉರುಸೋ ಬಂದರೆ, ಬಾಗಿಲು ತೆಗೆದು ಹೊರಟ ಹಿರಿಯರು ಜನಸಂದಣಿಯಲ್ಲಿ ಕಳೆದುಹೋದಾರೆಂಬ ಭಯ. ರಾತ್ರಿಯೂ ನಿದ್ದೆಯಿಲ್ಲ. ಇಷ್ಟಾದರೂ ನೆರೆಯವರ ಮಾತು ಒಂದೇ: "ಮನ್ಯಾಗೇ ಇರ್ತಾಳಲ್ಲ, ಆಕಿಗೇನು ಕೆಲಸ?"

ಹಾಗಾದರೆ ಅವಳಿಗೆ ಬೇಕಾದುದೇನು?

ಮೊದಲನೆಯದು, ಸರಿಯಾದ ತಪಾಸಣೆ. ಥೈರಾಯ್ಡ್ ತೊಂದರೆ, ಬಿ-12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆ, ಇವುಗಳಿಂದಲೂ ಮರೆವು ಬರುತ್ತದೆ, ಇವಕ್ಕೆ ಚಿಕಿತ್ಸೆಯಿದೆ. ಕಲಬುರಗಿಯ ಜಿಮ್ಸ್ ಆಸ್ಪತ್ರೆಯಂತಹ ಕಡೆ ಒಮ್ಮೆ ತೋರಿಸಿಬಿಡಬೇಕು.

ಎರಡನೆಯದು, ತಿಳಿವಳಿಕೆ. ರೋಗಿಯೊಡನೆ ವಾದ ಮಾಡಿ ಪ್ರಯೋಜನವಿಲ್ಲ. ಊಟ ಕೊಟ್ಟಿಲ್ಲ ಎಂದರೆ ನಾಲ್ಕು ತುತ್ತು ಕೊಡಿ, ಮಾತು ಬದಲಿಸಿ. ನಮ್ಮ ಬೇಸಿಗೆಯಲ್ಲಿ ಅವರಿಗೆ ನೀರು ಕುಡಿಯುವುದೂ ಮರೆತುಹೋಗುತ್ತದೆ, ನೆನಪಿಟ್ಟು ಕುಡಿಸಿ. ಜೇಬಿನಲ್ಲಿ ಹೆಸರು, ಫೋನ್ ನಂಬರಿನ ಚೀಟಿಯಿರಲಿ. ನೋಡಿಕೊಳ್ಳುವವರ ಮನಸ್ಸು ಕುಸಿದಾಗ ಉಚಿತ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಹಿರಿಯ ನಾಗರಿಕರ ಸಹಾಯವಾಣಿ 14567.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಬಿಡುವು. ಬೆಂಗಳೂರಿನಿಂದಲೋ ಪುಣೆಯಿಂದಲೋ ಫೋನಿನಲ್ಲಿ ಸಲಹೆ ಕೊಡುವ ಮಕ್ಕಳು ವರ್ಷಕ್ಕೆ ಹದಿನೈದು ದಿನವಾದರೂ ಬಂದು ಸರದಿ ಹೊರಲಿ. ನೆರೆಯವರು ವಾರಕ್ಕೆ ಎರಡು ತಾಸು ಹಿರಿಯರ ಬಳಿ ಕುಳಿತರೆ, ಆಕೆ ಸಂತೆಗೆ ಹೋಗಿ ಬಂದಾಳು, ಇಲ್ಲವೇ ನೆಮ್ಮದಿಯಾಗಿ ಮಲಗಿ ಎದ್ದಾಳು. ನೋಡಿಕೊಳ್ಳುವವರು ಕುಸಿದರೆ ರೋಗಿಯೂ ಕುಸಿದಂತೆಯೇ.

ಸರ್ಕಾರದ ಹೊಣೆಯೂ ಇದೆ. 2024-25ರ ರಾಜ್ಯ ಮುಂಗಡಪತ್ರದಲ್ಲಿ ಪಾರ್ಕಿನ್ಸನ್ಸ್, ಸೆರೆಬ್ರಲ್ ಪಾಲ್ಸಿ ಮೊದಲಾದ ಕಾಯಿಲೆಯವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಲಾಯಿತು. ಮನೆಯ ಆರೈಕೆಗೂ ಬೆಲೆಯಿದೆಯೆಂದು ಒಪ್ಪಿದ ಒಳ್ಳೆಯ ಹೆಜ್ಜೆಯದು. ಆದರೆ ಆ ಘೋಷಣೆಯಲ್ಲಿ ಡಿಮೆನ್ಷಿಯಾದ ಹೆಸರಿರಲಿಲ್ಲ. ಅದನ್ನೂ ಸೇರಿಸಿರೆಂದು ಕೇಳುವುದು ನ್ಯಾಯವಾಗಿಯೇ ಇದೆ.

ಹಿರಿಯರ ಸೇವೆ ಪುಣ್ಯದ ಕೆಲಸವೆಂದು ನಾವೆಲ್ಲ ಹೇಳುತ್ತೇವೆ. ಆ ಪುಣ್ಯವನ್ನೆಲ್ಲ ಮನೆಯ ಒಬ್ಬ ಹೆಣ್ಣುಮಗಳಿಗೇ ಬಿಟ್ಟುಕೊಡುವ ಔದಾರ್ಯ ಮಾತ್ರ ಬೇಡ. ನಮ್ಮ ಪಾಲನ್ನೂ ಕೇಳಿ ಪಡೆಯೋಣ.