ಕುದುರೆ ಟ್ರಾಮಿನಿಂದ ಲೈಟ್ ರೈಲಿನವರೆಗೆ: ಇಸ್ತಾಂಬುಲ್ ನಗರ ಮತ್ತು ಅದರ ವಿದ್ಯಾರ್ಥಿಗಳು

(ಸಂಘದ ವಾರ್ಷಿಕ ಮಹಾಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





ಶಿಕ್ಷಣದ ಕುರಿತು ಮಾತನಾಡಬೇಕೆಂದು ಸಂಘದವರು ಕೇಳಿದಾಗ, ನಾನು ಟ್ರಾಮ್ ಗಾಡಿಯ ಕುರಿತು ಮಾತನಾಡುತ್ತೇನೆ ಎಂದೆ. ಕಾರ್ಯದರ್ಶಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗಲಿ ಸಾರ್, ವಿಷಯಕ್ಕೆ ಬಂದರೆ ಸಾಕು" ಎಂದರು. ವಿಷಯಕ್ಕೆ ಬರುತ್ತೇನೆ.

ಶಿಕ್ಷಣದ ಸಭೆಗಳಲ್ಲಿ ನಾವು ಫೀಸಿನ ಬಗ್ಗೆ, ಸ್ಕಾಲರ್‌ಶಿಪ್ ಬಗ್ಗೆ, ಪರೀಕ್ಷೆಯ ಅಂಕಗಳ ಬಗ್ಗೆ ಮಾತನಾಡುತ್ತೇವೆ. ಅದು ಬೇಕು. ಆದರೆ ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ತೆಗೆದ ಹುಡುಗಿ ಪಿಯುಸಿಗೆ ಸೇರದೆ ಮನೆಯಲ್ಲಿ ಉಳಿದಾಗ, ಅವಳ ಮನೆಗೆ ಹೋಗಿ ಕಾರಣ ಕೇಳಿದರೆ ಎಷ್ಟೋ ಸಲ ಸಿಗುವ ಉತ್ತರ ಬೇರೆಯದೇ. "ಕಾಲೇಜು ದೂರ. ಸಂಜೆ ಬಸ್ಸು ಸರಿಯಿಲ್ಲ. ಮಗ್ರಿಬ್‌ಗೆ ಮುಂಚೆ ಮನೆಗೆ ತಲುಪುವುದಿಲ್ಲ." ಇದು ಧರ್ಮದ ಅಡ್ಡಿಯೂ ಅಲ್ಲ, ತಂದೆ ತಾಯಿಯ ಅಜ್ಞಾನವೂ ಅಲ್ಲ. ಇದು ಸಾರಿಗೆಯ ಪ್ರಶ್ನೆ. ಸಾರಿಗೆ ಒಂದು ಊರಿನ ಕಲಿಕೆಯನ್ನು ಹೇಗೆ ಬದಲಾಯಿಸುತ್ತದೆ ಎಂಬುದಕ್ಕೆ ನೂರೈವತ್ತು ವರ್ಷಗಳ ಸಾಕ್ಷಿ ಇರುವ ನಗರವೊಂದನ್ನು ನಾನು ಆರಿಸಿಕೊಂಡಿದ್ದೇನೆ. ಅದು ಇಸ್ತಾಂಬುಲ್.

ಉಸ್ಮಾನಿಯಾ ಖಿಲಾಫತ್ತಿನ ರಾಜಧಾನಿಯಾಗಿದ್ದ ಈ ನಗರದಲ್ಲಿ ಮೊದಲ ಟ್ರಾಮ್ ಓಡಿದ್ದು 1871ರಲ್ಲಿ, ಅಝಾಪ್‌ಕಪಿಯಿಂದ ಬೆಶಿಕ್ತಾಶ್ ಕಡೆಗೆ. ಗಾಡಿ ಹಳಿಯ ಮೇಲೆ ಹೋಗುತ್ತಿತ್ತು, ಎಳೆಯುತ್ತಿದ್ದುದು ಕುದುರೆಗಳು. ಬೀದಿಗಳು ಇಕ್ಕಟ್ಟು, ಜನ ಹಳಿಯ ಮೇಲೆಯೇ ನಡೆಯುವವರು. ಹಾಗಾಗಿ ಟ್ರಾಮಿನ ಮುಂದೆ ಒಬ್ಬ ಆಳು "ವರ್ದಾ! ವರ್ದಾ!" ಎಂದು ಕೂಗುತ್ತಾ ಓಡಬೇಕಿತ್ತು. ದಾರಿ ಬಿಡಿ ಎಂದರ್ಥ. ಶಿಶಾನೆಯ ಏರಿನಲ್ಲಿ ಹೆಚ್ಚಿನ ಕುದುರೆ ಕಟ್ಟಿ ಎಳೆಸುತ್ತಿದ್ದರು. ಸ್ವಲ್ಪ ಕಾಲದಲ್ಲೇ ಎಮಿನೊನುವಿನಿಂದ ಅಕ್ಸರಾಯ್‌ಗೆ, ಅಲ್ಲಿಂದ ಹಳೆಯ ಕೋಟೆ ಬಾಗಿಲಾದ ತೋಪ್‌ಕಪಿಗೆ ಮಾರ್ಗಗಳಾದವು. ಈ ಎರಡು ಹೆಸರುಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

1875ರಲ್ಲಿ ಗಲಾತಾ ಗುಡ್ಡದ ಒಳಗಿಂದ ತುನೆಲ್ ಎಂಬ ಸುರಂಗ ರೈಲು ಕೂಡ ಶುರುವಾಯಿತು. ಅರ್ಧ ಕಿಲೋಮೀಟರಿಗಿಂತ ಸ್ವಲ್ಪ ಉದ್ದ ಅಷ್ಟೇ, ಹಗ್ಗದಿಂದ ಎಳೆಯುವಂಥದ್ದು. ಅದು ಇಂದಿಗೂ ಓಡುತ್ತಿದೆ. ಜಗತ್ತಿನಲ್ಲಿ ಸಾರ್ವಜನಿಕರಿಗಾಗಿ ನೆಲದಡಿ ಓಡಿದ ರೈಲುಗಳಲ್ಲಿ ಲಂಡನ್ನಿನ ನಂತರ ಹಳೆಯದೆಂದು ಹೇಳುವುದು ಇದನ್ನೇ.

ವಿದ್ಯುತ್ ಮಾತ್ರ ತಡವಾಗಿ ಬಂತು. ನಮ್ಮ ಮದ್ರಾಸಿನಲ್ಲಿ 1895ರಲ್ಲೇ ವಿದ್ಯುತ್ ಟ್ರಾಮ್ ಓಡಿತ್ತು. ಉಸ್ಮಾನಿಯಾ ಆಡಳಿತದಲ್ಲೇ ಇದ್ದ ದಮಸ್ಕಸ್‌ನಲ್ಲಿ 1907ರಲ್ಲಿ ಬಂತು. ಸುಲ್ತಾನ್ ಅಬ್ದುಲ್ ಹಮೀದರ ಕಾಲದಲ್ಲಿ ರಾಜಧಾನಿಗೆ ವಿದ್ಯುತ್ ತರಲು ಹಿಂಜರಿಕೆ ಇತ್ತು. ಕೊನೆಗೆ ಆ ತಡಕ್ಕೆ ಬೆಲೆ ತೆರಬೇಕಾಯಿತು. 1912ರಲ್ಲಿ ಬಾಲ್ಕನ್ ಯುದ್ಧ ಶುರುವಾದಾಗ ಸೈನ್ಯವು ಟ್ರಾಮ್ ಕಂಪನಿಯ 400ಕ್ಕೂ ಹೆಚ್ಚು ಕುದುರೆಗಳನ್ನು ಕೊಂಡೊಯ್ದಿತು. ಇಡೀ ರಾಜಧಾನಿ ಸುಮಾರು ಒಂದು ವರ್ಷ ಟ್ರಾಮ್ ಇಲ್ಲದೆ ನಡೆಯಿತು. 1914ರ ಫೆಬ್ರವರಿಯಲ್ಲಿ ವಿದ್ಯುತ್ ಟ್ರಾಮ್ ಶುರುವಾಯಿತು. ಅದಕ್ಕೆ ವಿದ್ಯುತ್ ಕೊಟ್ಟದ್ದು ಗೋಲ್ಡನ್ ಹಾರ್ನ್ ಎಂಬ ಕೊಲ್ಲಿಯ ತುದಿಯಲ್ಲಿ ಕಟ್ಟಿದ ಸಿಲಾಹ್ತಾರ್‌ಆಗಾ ವಿದ್ಯುತ್ ಸ್ಥಾವರ.

ಈಗ ಮುಖ್ಯ ವಿಷಯ. ಅದೇ 1914ನೇ ಇಸವಿಯ ಸೆಪ್ಟೆಂಬರಿನಲ್ಲಿ ಇಸ್ತಾಂಬುಲಿನಲ್ಲಿ ಇನಾಸ್ ದಾರುಲ್ ಫುನೂನ್ ತೆರೆಯಿತು. ಇನಾಸ್ ಎಂದರೆ ಸ್ತ್ರೀಯರು, ದಾರುಲ್ ಫುನೂನ್ ಎಂದರೆ ವಿದ್ಯೆಗಳ ಮನೆ. ಅಂದರೆ ಮಹಿಳೆಯರ ವಿಶ್ವವಿದ್ಯಾಲಯ. 1917ರಲ್ಲಿ ಅದರ ಮೊದಲ ತಂಡ ಪದವಿ ಪಡೆಯಿತು. ಬೆಯಾಝಿತ್ ಪ್ರದೇಶದಲ್ಲಿದ್ದ ಆ ತರಗತಿಗಳು ಟ್ರಾಮ್ ದಾರಿಯಿಂದ ಕೆಲವೇ ನಿಮಿಷಗಳ ನಡಿಗೆ. ಟ್ರಾಮ್ ಬಂದದ್ದರಿಂದಲೇ ವಿಶ್ವವಿದ್ಯಾಲಯ ಬಂತು ಎಂದು ನಾನು ಹೇಳುತ್ತಿಲ್ಲ. ಅಂಥ ಸುಲಭದ ಇತಿಹಾಸ ನನಗೆ ರುಚಿಸುವುದಿಲ್ಲ. ಆದರೆ ನಗರದ ಬೇರೆ ಬೇರೆ ಮೊಹಲ್ಲಾಗಳಿಂದ ಹೆಣ್ಣುಮಕ್ಕಳು ದಿನಾ ತರಗತಿಗೆ ಬಂದು ಸಂಜೆ ಮನೆಗೆ ಮರಳಬೇಕಾದರೆ ನಂಬಬಹುದಾದ ಒಂದು ವಾಹನ ಇರಲೇಬೇಕಲ್ಲವೇ?

ಆ ಟ್ರಾಮುಗಳಲ್ಲಿ ಮಹಿಳೆಯರಿಗೆ ಬೇರೆ ಭಾಗವಿತ್ತು, ನಡುವೆ ಪರದೆ. ಗಂಡ ಹೆಂಡತಿ ಒಂದೇ ಗಾಡಿ ಹತ್ತಿದರೂ ಬೇರೆ ಬೇರೆ ಕೂರಬೇಕಿತ್ತು. 1923ರಲ್ಲಿ ಆ ಪರದೆಯನ್ನು ತೆಗೆಸಿದರು. ಪರದೆ ಇದ್ದದ್ದು ಸರಿಯೇ, ತೆಗೆದದ್ದು ಸರಿಯೇ ಎಂಬ ಚರ್ಚೆಯನ್ನು ಇಲ್ಲಿ ಎತ್ತಿದರೆ ಅಸರ್ ನಮಾಝಿನವರೆಗೂ ಮುಗಿಯದು. ನಾನು ಗಮನಿಸುವುದು ಒಂದನ್ನು ಮಾತ್ರ. ಪರದೆ ಇತ್ತು ಎಂದರೆ ಅದರ ಹಿಂದೆ ಕುಳಿತವರೂ ಇದ್ದರು. ಸಂಪ್ರದಾಯಸ್ಥ ಮನೆಗಳ ಹೆಣ್ಣುಮಕ್ಕಳು ಆಗಲೇ ಹೊರಗೆ ಬರುತ್ತಿದ್ದರು, ಟಿಕೆಟ್ ಕೊಂಡು ಊರು ದಾಟುತ್ತಿದ್ದರು. ಅವರನ್ನು ಮನೆಯಲ್ಲೇ ಇರಿಸುವುದಕ್ಕೆ ಆ ನಗರ ಧರ್ಮವನ್ನು ನೆಪ ಮಾಡಲಿಲ್ಲ. ಅವರ ಮರ್ಯಾದೆಗೆ ತಕ್ಕ ಸ್ಥಳ ಮಾಡಿಕೊಟ್ಟು ಕರೆದೊಯ್ದಿತು.

ಟ್ರಾಮಿನೊಳಗೆ ಇನ್ನೊಂದು ಪರದೆಯೂ ಇತ್ತು, ಅದು ಹಣದ್ದು. ಕೆಂಪು ಗಾಡಿ ಮೊದಲ ದರ್ಜೆ, ಹಸಿರು ಗಾಡಿ ಎರಡನೆಯ ದರ್ಜೆ. ಅದರ ಮೇಲೆ ಇಷ್ಟು ಚರ್ಚೆ ಯಾರೂ ಮಾಡುವುದಿಲ್ಲ!

1939ರಲ್ಲಿ ಟ್ರಾಮ್ ವ್ಯವಸ್ಥೆ ನಗರಾಡಳಿತದ ಕೈಗೆ ಬಂತು. 1956ರ ಹೊತ್ತಿಗೆ 270 ಗಾಡಿಗಳು 56 ಮಾರ್ಗಗಳಲ್ಲಿ ಆ ಒಂದು ವರ್ಷದಲ್ಲಿ 10 ಕೋಟಿ 80 ಲಕ್ಷ ಪ್ರಯಾಣಿಕರನ್ನು ಸಾಗಿಸಿದವು. ಇಷ್ಟು ಜನ ಹತ್ತುತ್ತಿದ್ದ ವಾಹನವನ್ನು ಐದೇ ವರ್ಷಗಳಲ್ಲಿ ಕಿತ್ತು ಹಾಕಿದರು. ಆಗ ನಗರವನ್ನು ಮೋಟಾರು ಕಾರಿಗೆ ಅಗಲ ಮಾಡುವ ಹುಮ್ಮಸ್ಸು. ಟ್ರಾಮ್ ಹಳತು, ನಿಧಾನ, ಕಾರಿಗೆ ಅಡ್ಡ. 1961ರ ಆಗಸ್ಟ್ 12ರಂದು ಯುರೋಪ್ ದಂಡೆಯ ಕೊನೆಯ ಟ್ರಾಮ್ ಓಡಿತು. 1966ರಲ್ಲಿ ಏಷ್ಯಾ ದಂಡೆಯಲ್ಲೂ ನಿಂತಿತು. ಇದು ಅವರ ಊರಿನ ಕಥೆ ಮಾತ್ರವಲ್ಲ. ಮದ್ರಾಸಿನ ಟ್ರಾಮ್ 1953ರಲ್ಲಿ ಹೋಯಿತು, ಮುಂಬೈಯದು 1964ರಲ್ಲಿ. ನಮ್ಮ ಕರಾವಳಿಯಿಂದ ಮುಂಬೈಗೆ ದುಡಿಯಲು ಹೋದ ಹಿಂದಿನ ತಲೆಮಾರಿನ ಹಿರಿಯರು ಅದರಲ್ಲಿ ಓಡಾಡಿದವರು.

ಟ್ರಾಮ್ ಹೋದ ಮೇಲೆ ಏನಾಯಿತು? ಜನ ಬಸ್ಸುಗಳಲ್ಲಿ, ದೊಲ್ಮುಶ್ ಎಂಬ ಶೇರ್ ಟ್ಯಾಕ್ಸಿಗಳಲ್ಲಿ ತುಂಬಿದರು. 1960ರಲ್ಲಿ ಸುಮಾರು 15 ಲಕ್ಷ ಜನರಿದ್ದ ನಗರ ಬೆಳೆಯುತ್ತಲೇ ಹೋಯಿತು, ಇಂದು ಒಂದೂವರೆ ಕೋಟಿ ಮೀರಿದೆ. ಹಳ್ಳಿಗಳಿಂದ ಬಂದ ಕುಟುಂಬಗಳು ಕೋಟೆಯ ಹೊರಗೆ ದೂರದಲ್ಲಿ ಮನೆ ಕಟ್ಟಿಕೊಂಡವು. ವಿಶ್ವವಿದ್ಯಾಲಯ, ದೊಡ್ಡ ಆಸ್ಪತ್ರೆಗಳು, ಕಚೇರಿಗಳು ಕೋಟೆಯ ಒಳಗೇ ಉಳಿದವು. ದೂರ ಹೆಚ್ಚಿದ ಕಾಲಕ್ಕೆ ಸರಿಯಾಗಿ ಹಳಿ ಇರಲಿಲ್ಲ.

1989ರಲ್ಲಿ ಅಕ್ಸರಾಯ್‌ನಿಂದ ಹೊಸ ರೈಲು ಶುರುವಾಯಿತು. ಅವರದನ್ನು ಹಫೀಫ್ ಮೆಟ್ರೊ ಎಂದು ಕರೆದರು. ಅರಬಿ, ಉರ್ದು ಓದಿದವರಿಗೆ ಈ ಪದ ಪರಿಚಿತ. ಖಫೀಫ್ ಎಂದರೆ ಹಗುರ. ಲೈಟ್ ರೈಲ್ ಎಂಬುದಕ್ಕೆ ಇಷ್ಟು ಸರಿಯಾದ ಹೆಸರು ನಮ್ಮಲ್ಲಿ ಇನ್ನೂ ಆಗಿಲ್ಲ. ಮಾಮೂಲಿ ಟ್ರಾಮ್ ರಸ್ತೆಯ ನಡುವೆ, ಬೇರೆ ವಾಹನಗಳ ಜೊತೆಯಲ್ಲೇ ಹೋಗುತ್ತದೆ. ಲೈಟ್ ರೈಲಿಗೆ ತನ್ನದೇ ದಾರಿ, ತನ್ನದೇ ನಿಲ್ದಾಣ, ಆದರೆ ದೊಡ್ಡ ರೈಲಿನಷ್ಟು ಭಾರವೂ ಇಲ್ಲ, ಖರ್ಚೂ ಇಲ್ಲ. 1992ರಲ್ಲಿ ಟಿ1 ಎಂಬ ಟ್ರಾಮ್ ಮಾರ್ಗ ತೆರೆಯಿತು. ಅದು ಇವೆರಡರ ನಡುವಿನದು: ರಸ್ತೆಯ ಮೇಲೇ ಓಡುತ್ತದೆ, ಆದರೆ ಹೆಚ್ಚಿನ ಕಡೆ ಅದರ ಹಳಿಗೆ ಕಾರು ಬರುವಂತಿಲ್ಲ. ಟಿಕೆಟ್ ನೋಡುವ ಗೇಟು ನಿಲ್ದಾಣದಲ್ಲೇ ಇರುವುದರಿಂದ ಗಾಡಿ ಬಂದಾಗ ಹತ್ತಿ ಇಳಿಯುವುದಷ್ಟೇ ಕೆಲಸ.

ಈಗ ಆ ಎರಡು ಹೆಸರುಗಳು. ಟಿ1ರ ಹೃದಯಭಾಗ ಹೋಗುವುದು ಎಮಿನೊನುವಿನಿಂದ ಅಕ್ಸರಾಯ್ ದಾಟಿ ತೋಪ್‌ಕಪಿಗೆ. ಕುದುರೆ ಟ್ರಾಮ್ ಓಡಿದ ದಾರಿಯೇ! ಮೂವತ್ತು ವರ್ಷ ಹಳಿಯಿಲ್ಲದೆ ಒದ್ದಾಡಿ, ಅಜ್ಜಂದಿರು ಹಾಕಿದ್ದ ದಾರಿಯಲ್ಲೇ ಮತ್ತೆ ಹಳಿ ಹಾಕಿದರು. 2005ರಲ್ಲಿ ಗಲಾತಾ ಸೇತುವೆ ದಾಟಿತು, 2006ರಲ್ಲಿ ಕಬಾತಾಶ್ ಮುಟ್ಟಿತು, 2011ರಲ್ಲಿ ಪಶ್ಚಿಮದ ಬಾಜಿಲಾರ್‌ವರೆಗೆ ಒಂದೇ ಮಾರ್ಗವಾಯಿತು. ಈಗ 31 ನಿಲ್ದಾಣಗಳು, ದಿನಕ್ಕೆ 3 ಲಕ್ಷಕ್ಕೂ ಹೆಚ್ಚು ಪ್ರಯಾಣಿಕರು.

ಬಾಜಿಲಾರ್ ದುಡಿಯುವ ಜನರ ದಟ್ಟ ಬಡಾವಣೆ. ಅಲ್ಲಿಂದ ಹೊರಟ ಹುಡುಗಿಯೊಬ್ಬಳ ಜೊತೆ ನಾವೂ ಕೂತಿದ್ದೇವೆ ಎಂದುಕೊಳ್ಳಿ. ತೋಪ್‌ಕಪಿಯಲ್ಲಿ ಕೋಟೆ ಗೋಡೆ ದಾಟುತ್ತೇವೆ. 1453ರಲ್ಲಿ ಸುಲ್ತಾನ್ ಮುಹಮ್ಮದ್ ಫಾತಿಹರ ಫಿರಂಗಿಗಳು ಎದುರಿಸಿದ ಗೋಡೆಯಿದು. ಮುಂದೆ ಚಾಪಾ, ಇಲ್ಲಿ ವೈದ್ಯಕೀಯ ವಿಭಾಗವಿದೆ, ಬಿಳಿ ಕೋಟು ತೋಳಿಗೆ ಹಾಕಿಕೊಂಡವರು ಇಳಿಯುವ ಜಾಗ. ನಂತರ ಹಸೆಕಿ, ಸುಲ್ತಾನ್ ಸುಲೈಮಾನರ ಪತ್ನಿ ಹುರ್ರೆಮ್ ಕಟ್ಟಿಸಿದ ಮಸೀದಿ, ಮದ್ರಸಾ, ಆಸ್ಪತ್ರೆಗಳ ನೆನಪಿನ ಹೆಸರು. ಅಕ್ಸರಾಯ್ ಕಳೆದು ಲಾಲೆಲಿ, ಅದರಾಚೆ ಬೆಯಾಝಿತ್. ಇಲ್ಲಿ ಇಸ್ತಾಂಬುಲ್ ವಿಶ್ವವಿದ್ಯಾಲಯದ ದೊಡ್ಡ ಬಾಗಿಲು. ಹುಡುಗಿ ಇಲ್ಲಿ ಇಳಿಯುತ್ತಾಳೆ. ಪ್ರವಾಸಿಗಳು ಸುಲ್ತಾನಹ್ಮೆತ್‌ಗೆ, ವ್ಯಾಪಾರಿಗಳು ಎಮಿನೊನುವಿಗೆ ಮುಂದುವರಿಯುತ್ತಾರೆ. ಆಸ್ಪತ್ರೆ, ತರಗತಿ, ಸಂತೆ, ದೋಣಿಕಟ್ಟೆ ಎಲ್ಲವೂ ಒಂದೇ ಹಳಿಯ ಮೇಲಿವೆ. ವಿದ್ಯಾರ್ಥಿಗಳಿಗೆ ಪ್ರಯಾಣದ ಕಾರ್ಡಿನಲ್ಲಿ ರಿಯಾಯಿತಿ. 2003ರಲ್ಲಿ ನೆಲಮಟ್ಟದ ಗಾಡಿಗಳು ಬಂದ ಮೇಲೆ ಗಾಲಿಕುರ್ಚಿಯವರು, ಮಗುವಿನ ಗಾಡಿ ತಳ್ಳುವ ತಾಯಂದಿರು ಮೆಟ್ಟಿಲೇರದೆ ಒಳಗೆ ಬರುತ್ತಾರೆ.

ಬೆಯಾಝಿತ್‌ನ ಆ ಬಾಗಿಲ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗುವುದು ಪ್ರಾಮಾಣಿಕತೆಯಲ್ಲ. 1998ರಲ್ಲಿ ಆ ವಿಶ್ವವಿದ್ಯಾಲಯ ಶಿರವಸ್ತ್ರ ಧರಿಸಿದ ವಿದ್ಯಾರ್ಥಿನಿಯರಿಗೆ ತರಗತಿ ಮತ್ತು ಪರೀಕ್ಷೆಗೆ ಪ್ರವೇಶವಿಲ್ಲ ಎಂದು ಸುತ್ತೋಲೆ ಹೊರಡಿಸಿತು. ವೈದ್ಯಕೀಯ ವಿದ್ಯಾರ್ಥಿನಿ ಲೈಲಾ ಶಾಹಿನ್ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋದರು. 2005ರಲ್ಲಿ ತೀರ್ಪು ಅವರ ವಿರುದ್ಧ ಬಂತು. ವಿಶ್ವವಿದ್ಯಾಲಯಗಳಲ್ಲಿ ಆ ತಡೆ ಸಡಿಲವಾದದ್ದು 2010ರ ನಂತರ. ಅಂದರೆ ಟ್ರಾಮ್ ಹುಡುಗಿಯನ್ನು ಬಾಗಿಲವರೆಗೆ ತಂದು ಬಿಡುತ್ತಿತ್ತು, ಬಾಗಿಲು ತೆರೆಯುತ್ತಿರಲಿಲ್ಲ. 1914ರಲ್ಲಿ ಟ್ರಾಮಿನ ಪರದೆಯ ಹಿಂದೆ ಕುಳಿತು ಬಂದವಳಿಗೆ ಸಿಕ್ಕ ತರಗತಿ, 1998ರಲ್ಲಿ ತನ್ನ ತಲೆಯ ಬಟ್ಟೆಯೊಂದಿಗೆ ಬಂದವಳಿಗೆ ಸಿಗಲಿಲ್ಲ. ಇದನ್ನು ಈ ಸಭೆಯಲ್ಲಿ ಕುಳಿತಿರುವ ವಿದ್ಯಾರ್ಥಿನಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕೆಲವು ಮಾರ್ಗಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 1990ರಲ್ಲಿ ಇಸ್ತಿಕ್ಲಾಲ್ ಬೀದಿಯಲ್ಲಿ ಹಳೆಯ ಕೆಂಪು ಟ್ರಾಮನ್ನು ನೆನಪಿಗಾಗಿ ಮತ್ತೆ ಓಡಿಸಿದರು. ಫೋಟೋಗಳಲ್ಲಿ ನೀವು ನೋಡಿರುವುದು ಅದನ್ನೇ, ಆದರೆ ನಗರವನ್ನು ಹೊತ್ತು ನಡೆಯುವುದು ಅದಲ್ಲ. 2003ರಲ್ಲಿ ಏಷ್ಯಾ ದಂಡೆಯ ಕಡಿಕೊಯ್‌ನಲ್ಲಿ ಇನ್ನೊಂದು ಸಣ್ಣ ಮಾರ್ಗವಾಯಿತು. ನನಗೆ ಬಹಳ ಹಿಡಿಸಿದ್ದು 2021ರ ಜನವರಿ 1ರಂದು ತೆರೆದು, 2023ರಲ್ಲಿ ಎಮಿನೊನುವಿಗೆ ಮುಟ್ಟಿದ ಟಿ5. ಇದು ಗೋಲ್ಡನ್ ಹಾರ್ನ್ ದಡದಲ್ಲಿ ಹೋಗುತ್ತದೆ, ಮೇಲೆ ತಂತಿಯೇ ಇಲ್ಲ. ವಿದ್ಯುತ್ ಹಳಿಗಳ ನಡುವೆ ನೆಲದಲ್ಲಿ ಹಾಕಿದ ಪಟ್ಟಿಯಿಂದ ಬರುತ್ತದೆ, ಅದೂ ಗಾಡಿ ಮೇಲಿರುವ ತುಂಡಿಗೆ ಮಾತ್ರ. ಹೀಗಾಗಿ ಮೇಲೆ ನಡೆಯುವವರಿಗೆ ಅಪಾಯವಿಲ್ಲ. ಹಝ್ರತ್ ಅಬೂ ಅಯ್ಯೂಬ್ ಅನ್ಸಾರಿ (ರ.ಅ.) ಅವರ ಹೆಸರಿನ ಐಯುಪ್ ಸುಲ್ತಾನ್ ಪ್ರದೇಶಕ್ಕೆ ಈಗ ಟ್ರಾಮಿನಲ್ಲೇ ಹೋಗಬಹುದು. ಮುಂದೆ ಹೋದರೆ 1914ರಲ್ಲಿ ಟ್ರಾಮಿಗೆ ವಿದ್ಯುತ್ ಕೊಟ್ಟ ಆ ಸಿಲಾಹ್ತಾರ್‌ಆಗಾ ಸ್ಥಾವರ. 1983ರಲ್ಲಿ ಮುಚ್ಚಿದ ಅದರ ಆವರಣ 2007ರಲ್ಲಿ ವಿಶ್ವವಿದ್ಯಾಲಯದ ಕ್ಯಾಂಪಸ್ ಮತ್ತು ವಸ್ತುಸಂಗ್ರಹಾಲಯವಾಗಿ ತೆರೆಯಿತು.

ನಮ್ಮ ದೇಶದಲ್ಲಿ ಉಳಿದಿದ್ದ ಟ್ರಾಮ್ ಕೊಲ್ಕತ್ತಾದ್ದು. 1873ರಲ್ಲಿ ಕುದುರೆಯಿಂದ ಶುರುವಾಗಿ 1902ರಲ್ಲಿ ವಿದ್ಯುತ್ತಿಗೆ ಬಂದದ್ದು. 2024ರ ಸೆಪ್ಟೆಂಬರಿನಲ್ಲಿ, ಮೈದಾನದ ಒಂದು ಮಾರ್ಗವನ್ನು ಮಾತ್ರ ಪರಂಪರೆಯ ನೆನಪಿಗೆ ಉಳಿಸಿ ಉಳಿದವನ್ನು ನಿಲ್ಲಿಸುವುದಾಗಿ ಅಲ್ಲಿನ ಸರ್ಕಾರ ಹೇಳಿತು. ಕಾರಣ ಕೇಳಿದರೆ ಅದೇ ಹಳೆಯ ಮಾತು: ನಿಧಾನ, ರಸ್ತೆಗೆ ಅಡ್ಡ. ಇಸ್ತಾಂಬುಲ್ 1961ರಲ್ಲಿ ಆಡಿದ ಮಾತು.

ನಮ್ಮ ಊರಿಗೆ ಟ್ರಾಮ್ ಬರುವುದಿಲ್ಲ, ಅದನ್ನು ಕೇಳಲು ನಾನು ಬಂದಿಲ್ಲ. ನಮ್ಮ ಹಳಿ ಎಂದರೆ ಬಸ್ಸು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಇಲ್ಲವಾಯಿತು. ಅನೇಕ ಮನೆಗಳ ಲೆಕ್ಕ ಅದರಿಂದ ಬದಲಾಗಿದೆ. ಆದರೆ ಖಾಸಗಿ ಬಸ್ಸೇ ಓಡುವ ದಾರಿಗಳಿಗೆ ಅದು ಅನ್ವಯಿಸದು, ಸಂಜೆ ಐದರ ನಂತರ ಬಸ್ಸೇ ಇಲ್ಲದ ಊರಿಗಂತೂ ಉಚಿತ ಟಿಕೆಟ್ಟಿನಿಂದ ಏನೂ ಆಗದು.

ಆದ್ದರಿಂದ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಹೊರಗೆ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಡಿಸಿದ್ದೇನೆ. ನಿಮ್ಮ ಊರಿನ ಹೆಸರು, ಕಾಲೇಜಿನ ಹೆಸರು, ತರಗತಿ ಬಿಡುವ ಸಮಯ, ನಿಮಗೆ ಸಿಗುವ ಕೊನೆಯ ಬಸ್ಸಿನ ಸಮಯ, ಇಷ್ಟನ್ನು ಬರೆದು ಹೋಗಿ. ದೂರದ ಕಾರಣಕ್ಕೆ ಓದು ಬಿಟ್ಟ ಅಕ್ಕ ತಂಗಿಯರಿದ್ದರೆ ಅವರ ಊರನ್ನೂ ಸೇರಿಸಿ, ಹೆಸರು ಬೇಡ. ಹಾಸ್ಟೆಲ್ಲಿಗೆ ಜಾಗ ನೋಡುತ್ತಿರುವ ಸಮಿತಿಯವರು ಅಗ್ಗದ ಜಮೀನಿನ ಕಾಗದ ನೋಡುವ ಮೊದಲು ಆ ನೋಟ್‌ಬುಕ್ ನೋಡಬೇಕೆಂದು ಅಧ್ಯಕ್ಷರಲ್ಲಿ ಕೇಳಿಕೊಳ್ಳುತ್ತೇನೆ. ಸಾರಿಗೆ ಕಚೇರಿಗೆ ಮನವಿ ಕೊಡಲು ಹೋಗುವಾಗಲೂ ಅದು ಕೈಯಲ್ಲಿರಲಿ.