ಗ್ರಾಫ್ ಮೇಲಕ್ಕೆ ಹೋಗ್ತಿದೆ, ದುಡ್ಡು ಹಾಕಲಾ?

ಇವತ್ತಿನ ವಿಷಯ ಸ್ಟ್ಯಾಟಿಸ್ಟಿಕ್ಸ್. ತಡೀರಿ, ಸ್ಕಿಪ್ ಮಾಡ್ಬೇಡಿ. ಒಂದೇ ಒಂದು ಫಾರ್ಮುಲಾ ಕೂಡ ಹೇಳಲ್ಲ.

ನಾನು ಬಿಕಾಂ ಓದಿದವನು. ಮೀನ್, ಮೀಡಿಯನ್ ಲೆಕ್ಕ ಹಾಕೋದನ್ನ ಕ್ಲಾಸಲ್ಲಿ ಚೆನ್ನಾಗೇ ಕಲಿಸಿದ್ರು. ಆದರೆ ಯಾವುದನ್ನ ಎಷ್ಟು ನಂಬಬೇಕು ಅನ್ನೋ ಪ್ರಶ್ನೆ ಪರೀಕ್ಷೆಗೆ ಬರೋದಿಲ್ಲ, ಮೊಬೈಲಿಗೆ ಬರುತ್ತೆ. ಡಿಗ್ರಿ ಎರಡನೇ ವರ್ಷದ ಕೇಳುಗನೊಬ್ಬ ವಾಯ್ಸ್ ನೋಟ್ ಕಳಿಸಿದ್ದ. ಆಪ್ಷನ್ಸ್ ಟ್ರೇಡಿಂಗ್ ಗ್ರೂಪ್ ಒಂದರಲ್ಲಿ ಗ್ರಾಫ್ ಬಂದಿದೆ, ಗೆರೆ ಮೇಲಕ್ಕೇ ಹೋಗ್ತಿದೆ, ಕೆಳಗೆ 'ನಮ್ಮ ಮೆಂಬರ್‌ಗಳ ಸರಾಸರಿ ಲಾಭ' ಅಂತ ಒಂದು ನಂಬರ್. ಸೆಮಿಸ್ಟರ್ ಫೀಸಿಗೆ ಮನೆಯವರು ಕೊಟ್ಟ ದುಡ್ಡು ಅಕೌಂಟಲ್ಲಿದೆ. "ಅಣ್ಣಾ, ಹಾಕಲಾ?" ಅಂತ ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಹೇಳ್ತೀನಿ.

ಮೊದಲು ಆ ಸರಾಸರಿ. ಐದು ಜನ ಸ್ನೇಹಿತರು ಟ್ರೇಡ್ ಮಾಡಿದ್ರು ಅಂದ್ಕೊಳ್ಳಿ. ನಾಲ್ಕು ಜನ ತಲಾ 5,000 ರೂಪಾಯಿ ಕಳ್ಕೊಂಡ್ರು, ಒಬ್ಬ 40,000 ಗಳಿಸಿದ. ಎಲ್ಲ ಕೂಡಿಸಿ ಐದರಿಂದ ಭಾಗಿಸಿದ್ರೆ ಸರಾಸರಿ ಲಾಭ 4,000 ರೂಪಾಯಿ! ಲೆಕ್ಕ ಪೂರ್ತಿ ಸರಿ. ಆದರೆ ಆ 4,000 ಒಬ್ಬರ ಕೈಗೂ ಬಂದಿಲ್ಲ. ಈಗ ಐದೂ ಜನರನ್ನ ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ನಿಲ್ಲಿಸಿ, ನಡುವೆ ನಿಂತವನನ್ನ ಕೇಳಿ. ಅವನ ಉತ್ತರ 5,000 ನಷ್ಟ. ಅದೇ ಮೀಡಿಯನ್. ಅದಕ್ಕೇ ಯಾರಾದ್ರೂ ಸರಾಸರಿ ಅಂದಾಗ, ನಡುವೆ ನಿಂತವನ ಕಥೆ ಏನು ಅಂತ ಕೇಳಿ.

ಎರಡನೇದು, ಗ್ರಾಫಿನ ಎಡಗಡೆ ಇರೋ ನಂಬರ್‌ಗಳು. ಒಂದು ಸ್ಕೀಮ್ ಶೇ. 11 ಕೊಟ್ಟಿದೆ, ಇನ್ನೊಂದು ಶೇ. 12. ಬಾರ್ ಗ್ರಾಫ್ ಸೊನ್ನೆಯಿಂದ ಶುರುವಾದ್ರೆ ಎರಡೂ ಹೆಚ್ಚುಕಡಿಮೆ ಒಂದೇ ಎತ್ತರ. ಅದನ್ನೇ 10ರಿಂದ ಶುರು ಮಾಡಿ, ಎರಡನೇ ಬಾರ್ ಮೊದಲನೆಯದರ ಡಬಲ್ ಕಾಣುತ್ತೆ. ಸುಳ್ಳು ನಂಬರ್ ಒಂದೂ ಇಲ್ಲ, ಆದರೂ ಕಣ್ಣಿಗೆ ಮೋಸ. ಮೊಬೈಲಲ್ಲಿ ಗ್ರಾಫ್ ಬಂದ ತಕ್ಷಣ ಝೂಮ್ ಮಾಡಿ, ಎಲ್ಲಿಂದ ಶುರುವಾಗಿದೆ ಅಂತ ನೋಡಿ. ಎರಡು ಸೆಕೆಂಡಿನ ಕೆಲಸ.

ಮೂರನೇದು ನನಗೆ ಎಲ್ಲಕ್ಕಿಂತ ಮುಖ್ಯ: ಗ್ರಾಫಿನಲ್ಲಿ ಯಾರು ಇಲ್ಲ? ಸೆಬಿ 2024ರ ಸೆಪ್ಟೆಂಬರಿನಲ್ಲಿ ಒಂದು ಅಧ್ಯಯನ ಹೊರತಂದಿತು. 2021-22ರಿಂದ 2023-24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಷೇರುಗಳ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ಗೆ ಇಳಿದ ಸಾಮಾನ್ಯ ಜನ ಒಂದು ಕೋಟಿಗೂ ಹೆಚ್ಚು. ಅವರಲ್ಲಿ ಶೇ. 93 ಜನ ನಷ್ಟ ಮಾಡ್ಕೊಂಡ್ರು. ಖರ್ಚೆಲ್ಲ ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಲಾಭ ಕಂಡವರು ಶೇ. 1 ಮಾತ್ರ.

ಈಗ ಉಳಿದ ಶೇ. 7 ನೋಡಿ. ಕೋಟಿಯಲ್ಲಿ ಶೇ. 7 ಅಂದ್ರೆ 7 ಲಕ್ಷ ಜನ. ಅಷ್ಟೂ ಜನ ಲಾಭದ ಸ್ಕ್ರೀನ್‌ಶಾಟ್ ಹಾಕಬಹುದು, ಒಬ್ಬರೂ ಸುಳ್ಳು ಹೇಳಬೇಕಾಗಿಲ್ಲ. ಕಳ್ಕೊಂಡ 93 ಲಕ್ಷ ಜನ ಏನ್ ಮಾಡ್ತಾರೆ? ಸುಮ್ನೆ ಗ್ರೂಪ್ ಬಿಟ್ಟು ಹೋಗ್ತಾರೆ. ಉಳಿದವರ ಸರಾಸರಿ ತಾನಾಗೇ ಮೇಲೇರುತ್ತೆ.

ಇನ್ನು ಭವಿಷ್ಯ ಹೇಳೋ ವಿಷಯ. ಹಳೇ ಸೆನ್ಸೆಕ್ಸ್ ಚಾರ್ಟ್ ತೆಗೀರಿ. 2003ರ ಏಪ್ರಿಲ್‌ನಲ್ಲಿ ಸುಮಾರು 3,000. 2006ರ ಫೆಬ್ರುವರಿಯಲ್ಲಿ 10,000 ಮುಟ್ತು. 2008ರ ಜನವರಿಯಲ್ಲಿ 21,000 ದಾಟ್ತು. ಇಷ್ಟು ನೋಡಿ ಸ್ಕೇಲ್ ಇಟ್ಟು ಗೆರೆ ಎಳೆದ್ರೆ, ಮುಂದಿನ ಜನವರಿಗೆ ಹತ್ತಿರತ್ತಿರ 25,000 ಅಂತ ಯಾರಾದ್ರೂ ಹೇಳ್ತಾರೆ. ಆಗಿದ್ದೇನು? 2008ರ ಅಕ್ಟೋಬರಿನಲ್ಲೇ 9,000ಕ್ಕಿಂತ ಕೆಳಗೆ. 2009ರ ಜನವರಿ ಕೊನೆಗೂ 10,000 ಇರಲಿಲ್ಲ. ಅಮೆರಿಕದ ಮನೆ ಸಾಲದ ಬಿಕ್ಕಟ್ಟು ಇಲ್ಲಿಗೂ ಬಂದು ಬಡಿದಿತ್ತು. ನಮ್ಮ ಸ್ಕೇಲಿಗೆ ಅದು ಗೊತ್ತಾಗೋದಿಲ್ಲ. ಹಿಂದೆ ಏನಾಯ್ತೋ ಅದಕ್ಕೆ ಕಾರಣವಾದದ್ದು ಮುಂದೆಯೂ ಹಾಗೇ ಇರುತ್ತೆ ಅಂತ ಗೆರೆ ನಂಬ್ಕೊಂಡಿರುತ್ತೆ, ಅಷ್ಟೆ.

ಸೆನ್ಸೆಕ್ಸ್ ಮತ್ತೆ 21,000ಕ್ಕೆ ಬಂದಿದ್ದು 2010ರ ನವೆಂಬರಿನಲ್ಲಿ, ಹತ್ತಿರತ್ತಿರ ಮೂರು ವರ್ಷ ಆದಮೇಲೆ. ಕಾಯೋಕೆ ಆದವರಿಗೆ ಅದು ಸರಿ. ಫೀಸಿನ ಕೊನೇ ದಿನಾಂಕ ಮೂರು ವರ್ಷ ಕಾಯಲ್ಲ. ಅದಕ್ಕೇ ಆ ಹುಡುಗನಿಗೆ ಹೇಳಿದೆ: ತಾರೀಖು ಬರೆದಿಟ್ಟಿರೋ ದುಡ್ಡನ್ನ ಗೆರೆ ನಂಬಿ ಹಾಕಬೇಡಪ್ಪ, ಮೊದಲು ಫೀಸ್ ಕಟ್ಟು.

ಹಾಗಾದ್ರೆ ಅಂದಾಜು ಮಾಡೋದೇ ತಪ್ಪಾ? ಖಂಡಿತ ಅಲ್ಲ. ಮಾಡೋ ರೀತಿ ಇದೆ. ಇವತ್ತು ರಾತ್ರಿ ನಿಮ್ಮ ಯುಪಿಐ ಆ್ಯಪ್ ತೆಗೆದು, ಕಳೆದ ಏಳು ತಿಂಗಳ ಖರ್ಚು ಬರ್ಕೊಳ್ಳಿ. ಕೊನೇ ತಿಂಗಳನ್ನ ಕೈಯಲ್ಲಿ ಮುಚ್ಚಿ. ಉಳಿದ ಆರನ್ನ ನೋಡಿ, ಏಳನೇದು ಎಷ್ಟಿರಬಹುದು ಅಂತ ಊಹಿಸಿ. ಒಂದೇ ನಂಬರ್ ಬೇಡ, 'ಇಷ್ಟರಿಂದ ಇಷ್ಟರೊಳಗೆ' ಅಂತ ಬರೀರಿ. ಆಮೇಲೆ ಕೈ ತೆಗೀರಿ. ಹೊಸ ಫೋನ್ ತಗೊಂಡ ತಿಂಗಳೋ, ಊರ ಹಬ್ಬಕ್ಕೆ ಹೋದ ತಿಂಗಳೋ ಒಂದು ಲೆಕ್ಕವನ್ನೆಲ್ಲ ಎಳೆದಾಡಿರುತ್ತೆ, ಅದನ್ನೂ ಗಮನಿಸಿ. ಆಮೇಲೆ ಮುಂದಿನ ತಿಂಗಳಿಗೆ ಒಂದು ಅಂದಾಜು ಬರೆದಿಟ್ಟು, ತಿಂಗಳ ಕೊನೆಗೆ ತಾಳೆ ನೋಡಿ.

ನಮ್ಮದೇ ಖರ್ಚನ್ನ ಹೇಳೋದು ಎಷ್ಟು ಕಷ್ಟ ಅಂತ ಗೊತ್ತಾದ್ಮೇಲೆ, ಗ್ರೂಪಲ್ಲಿ ಬರೋ 'ಗ್ಯಾರಂಟಿ ಟಾರ್ಗೆಟ್' ನೋಡೋ ಕಣ್ಣೇ ಬೇರೆಯಾಗುತ್ತೆ. ನಿಮ್ಮ ಅಂದಾಜು ಎಷ್ಟು ಹತ್ತಿರ ಬಂತು ಅಂತ ವಾಯ್ಸ್ ನೋಟ್ ಕಳಿಸಿ.