ಹೊಲದ ಯಂತ್ರಕ್ಕೆ ಸರ್ಕಾರದ ಸಹಾಯಧನ



ಕ್ಯಾಲಿಫೋರ್ನಿಯಾದ ಸಲೀನಾಸ್ ಕಣಿವೆಯಲ್ಲಿ ಲೆಟಿಸ್ ಸೊಪ್ಪನ್ನು ಒತ್ತಾಗಿ ಬಿತ್ತಿ, ಹೆಚ್ಚಾದ ಸಸಿಗಳನ್ನು ಕೂಲಿಯಾಳುಗಳು ಬೆನ್ನು ಬಾಗಿಸಿ ತೆಗೆಯುತ್ತಿದ್ದರು. 2011ರಲ್ಲಿ ಹುಟ್ಟಿದ ಬ್ಲೂ ರಿವರ್ ಎಂಬ ಪುಟ್ಟ ಸಂಸ್ಥೆಯು ಆ ಕೆಲಸಕ್ಕೆ ಕ್ಯಾಮೆರಾಗಣ್ಣಿನ ಯಂತ್ರವೊಂದನ್ನು ರೂಪಿಸಿತು. ಅದಕ್ಕೆ ಆಸರೆಯಾದವುಗಳಲ್ಲಿ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಸಹಾಯಧನವೂ ಒಂದು.

ಸಣ್ಣ ಉದ್ಯಮಗಳಿಗೆಂದು 1982ರ ಶಾಸನವು ರೂಪಿಸಿದ ಈ ಯೋಜನೆಯಲ್ಲಿ ಸರ್ಕಾರವು ಸಂಸ್ಥೆಯ ಪಾಲನ್ನು ಕೇಳುವುದಿಲ್ಲ. ಪ್ರಯೋಗ ಸೋತರೂ ಹಣ ಮರಳಿಸಬೇಕಿಲ್ಲ. ಬ್ಯಾಂಕಿನವರಲ್ಲಿ ಈ ಔದಾರ್ಯವೆಲ್ಲಿ! ಮೊದಲ ಹಂತ ಸಾಧ್ಯತೆಯ ಪರೀಕ್ಷೆ, ಎರಡನೆಯದು ಅಭಿವೃದ್ಧಿ. ಮೂರನೆಯದಾದ ಮಾರಾಟದ ಹಂತಕ್ಕೆ ಮಾತ್ರ ಯೋಜನೆಯ ಹಣವಿಲ್ಲ. ಒಳ್ಳೆಯ ಯಂತ್ರಗಳೂ ಮುಗ್ಗರಿಸುವುದು ಅಲ್ಲಿಯೇ. ಬ್ಲೂ ರಿವರನ್ನೇನೋ 2017ರಲ್ಲಿ ಜಾನ್ ಡಿಯರ್ ಸಂಸ್ಥೆ 30.5 ಕೋಟಿ ಡಾಲರುಗಳಿಗೆ ಕೊಂಡಿತು. ಎಲ್ಲರಿಗೂ ಆ ಭಾಗ್ಯವಿರದು. ಆದುದರಿಂದ ನಮ್ಮ ತರುಣರು ಅರ್ಜಿ ಬರೆಯುವ ಮುನ್ನವೇ ಯಂತ್ರವನ್ನು ಕೊಳ್ಳಬೇಕಾದ ರೈತನ ಹೊಲದಲ್ಲಿ ಒಂದು ದಿನ ನಿಂತು ಬರಲಿ.